ಸ್ಕಿಂಪ್‌ಫ್ಲೇಶನ್: ಟಿಕೆಟ್ ಅದೇ, ಸೇವೆ ಸವೆದಿದೆ

ಕ್ರೂಸ್ ಹಡಗಿನಲ್ಲಿ ರಾತ್ರಿ ಊಟ ಮುಗಿಸಿ ಕ್ಯಾಬಿನ್‌ಗೆ ವಾಪಸಾಗುವ ಹೊತ್ತು. ಮೊದಲೆಲ್ಲ ಬಾಗಿಲು ತೆಗೆದರೆ ಬೆಳಿಗ್ಗೆ ಬಿಟ್ಟುಹೋದ ಕೋಣೆಯೇ ಇದು ಅಂತ ಅನ್ನಿಸುತ್ತಿರಲಿಲ್ಲ. ಪರದೆ ಎಳೆದಿರುತ್ತಿದ್ದರು. ಹೊದಿಕೆಯ ಒಂದು ಮೂಲೆ ಮಡಚಿ, ಮಂದ ದೀಪ ಹಾಕಿ, ದಿಂಬಿನ ಮೇಲೆ ಪುಟ್ಟ ಚಾಕೊಲೇಟ್ ಇಟ್ಟಿರುತ್ತಿದ್ದರು. ಮಂಚದ ಮೇಲೆ ಟವೆಲ್‌ನಲ್ಲಿ ಮಾಡಿದ ಒಂದು ಆನೆ. ದೊಡ್ಡ ಟವೆಲ್ಲನ್ನು ಎರಡು ಕಡೆಯಿಂದ ಬಿಗಿಯಾಗಿ ಸುತ್ತಿ ನಡುವೆ ಬಗ್ಗಿಸಿದರೆ ನಾಲ್ಕು ಕಾಲು, ಒಂದು ಮೈ. ಚಿಕ್ಕ ಟವೆಲ್ಲಿನಲ್ಲಿ ಸೊಂಡಿಲು, ಕಿವಿ. ಕೈ ಪಳಗಿದವರಿಗೆ ಒಂದೆರಡು ನಿಮಿಷದ ಕೆಲಸ. ಮಕ್ಕಳು ಆ ಆನೆಯನ್ನು ಬಿಚ್ಚಲು ಬಿಡದೆ ವಾರವಿಡೀ ಕಾಪಾಡಿಕೊಳ್ಳುತ್ತಿದ್ದರು.

ಈಗ ಹಲವು ಹಡಗುಗಳಲ್ಲಿ ಬಾಗಿಲು ತೆಗೆದರೆ ಬೆಳಿಗ್ಗೆ ಹೇಗಿತ್ತೋ ಹಾಗೇ ಇರುತ್ತದೆ. ಒದ್ದೆ ಟವೆಲ್ ಕುರ್ಚಿಯ ಮೇಲೆ, ಕಾಫಿ ಲೋಟ ಮೇಜಿನ ಮೇಲೆ. ಯಾರೂ ತಪ್ಪು ಮಾಡಿಲ್ಲ. ಸಂಜೆ ಒಬ್ಬರು ಬಂದು ಕೋಣೆ ಸಜ್ಜು ಮಾಡುವ ಪದ್ಧತಿಯನ್ನೇ ಕಂಪನಿ ನಿಲ್ಲಿಸಿದೆ, ಅಷ್ಟೇ. ಟಿಕೆಟ್ ದರ ಮಾತ್ರ ಅದರ ಲೆಕ್ಕಕ್ಕೆ ಇಳಿದಿಲ್ಲ.

ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ಈಚೆಗೆ ಒಂದು ಹೆಸರು ಬಂದಿದೆ: ಸ್ಕಿಂಪ್‌ಫ್ಲೇಶನ್. ‘ಸ್ಕಿಂಪ್’ ಅಂದರೆ ಕೊಡಬೇಕಾದದ್ದನ್ನು ಕೈ ಬಿಗಿ ಹಿಡಿದು ಕಡಿಮೆ ಕೊಡುವುದು. ಅದಕ್ಕೆ ಹಣದುಬ್ಬರದ ‘ಇನ್‌ಫ್ಲೇಶನ್’ ಬಾಲ ಸೇರಿಸಿದ್ದಾರೆ. ದುಡ್ಡು ಅಷ್ಟೇ ತೆಗೆದುಕೊಂಡು, ಅಥವಾ ಇನ್ನೂ ಸ್ವಲ್ಪ ಜಾಸ್ತಿ ತೆಗೆದುಕೊಂಡು, ಸೇವೆಯ ಗುಣಮಟ್ಟ ಇಳಿಸುವುದು ಎಂದು ಅರ್ಥ. ಪದ ಕಟ್ಟಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಅಲನ್ ಕೋಲ್. 2021ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಾರ್ವಜನಿಕ ರೇಡಿಯೋ ಎನ್‌ಪಿಆರ್‌ನ ‘ಪ್ಲಾನೆಟ್ ಮನಿ’ ಇದರ ಬಗ್ಗೆ ಬರೆದ ಮೇಲೆ ಪದ ಎಲ್ಲ ಕಡೆ ಹಬ್ಬಿತು. ಕನ್ನಡದಲ್ಲಿ ನನಗೆ ‘ಸೇವಾ ಸವೆತ’ ಅನ್ನುವುದು ಹತ್ತಿರ ಅನ್ನಿಸುತ್ತದೆ. ಮೆಟ್ಟಿನ ಅಟ್ಟೆ ಒಂದೇ ದಿನ ಸವೆಯುವುದಿಲ್ಲ. ಇದೂ ಹಾಗೇ, ಒಂದೊಂದೇ ಪದರ ಹೋಗುತ್ತದೆ.

ಇದಕ್ಕೆ ಒಂದು ಅಕ್ಕ ಇದ್ದಾಳೆ: ಶ್ರಿಂಕ್‌ಫ್ಲೇಶನ್. ಬಿಸ್ಕತ್ ಪೊಟ್ಟಣದ ಬೆಲೆ ಅದೇ ಇಟ್ಟು ಒಳಗಿನ ತೂಕ ಇಳಿಸುವುದು. ಇಬ್ಬರನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಆದರೆ ನಡುವೆ ದೊಡ್ಡ ವ್ಯತ್ಯಾಸ ಇದೆ. ತೂಕ ಇಳಿದರೆ ಅದು ಪೊಟ್ಟಣದ ಮೇಲೇ ಅಚ್ಚಾಗಿರುತ್ತದೆ. ಅಮೆರಿಕದ ಬೆಲೆ ಸೂಚ್ಯಂಕ ಲೆಕ್ಕ ಹಾಕುವ ಸರ್ಕಾರಿ ಸಂಸ್ಥೆ ಅಂಥ ವಸ್ತುವಿನ ದರವನ್ನು ತೂಕಕ್ಕೆ ಇಷ್ಟು ಅಂತ ಭಾಗಿಸಿ ನೋಡುತ್ತದೆ. ಹಾಗಾಗಿ 100 ಗ್ರಾಂ 90 ಆದದ್ದು ಬೆಲೆ ಏರಿಕೆಯಾಗಿಯೇ ದಾಖಲಾಗುತ್ತದೆ. ಆದರೆ ಟವೆಲ್ ಆನೆಗೆ ಎಷ್ಟು ಗ್ರಾಂ ತೂಕ? ಕೌಂಟರ್ ಮುಂದೆ 5 ನಿಮಿಷದ ಬದಲು 25 ನಿಮಿಷ ನಿಂತದ್ದನ್ನು ಯಾವ ತಕ್ಕಡಿಗೆ ಹಾಕುವುದು? ಸೇವೆ ಇಳಿದದ್ದನ್ನು ಅಂಕಿಯಲ್ಲಿ ಹಿಡಿಯುವುದು ತುಂಬ ಕಷ್ಟ. ಅದಕ್ಕೇ ಈ ಬೆಲೆ ಏರಿಕೆಯ ಬಹುಪಾಲು ಲೆಕ್ಕದ ಪುಸ್ತಕಕ್ಕೆ ಬರುವುದೇ ಇಲ್ಲ. ಜನರಿಗೆ ‘ಏನೋ ಕಡಿಮೆಯಾಗಿದೆ’ ಅಂತ ಗೊತ್ತಾಗುತ್ತದೆ, ತೋರಿಸಿ ಅಂದರೆ ತೋರಿಸಲು ಆಗುವುದಿಲ್ಲ. ಹೆಸರಿಲ್ಲದ ಆ ಅಸಮಾಧಾನಕ್ಕೆ ಒಂದು ಹೆಸರು ಕೊಟ್ಟದ್ದೇ ಈ ಪದದ ದೊಡ್ಡ ಉಪಕಾರ.

ಪದದ ಅರ್ಥ ತಿಳಿಯಲು ಕ್ರೂಸ್ ಹಡಗು ಒಳ್ಳೆಯ ಜಾಗ. ಯಾಕೆಂದರೆ ಅಲ್ಲಿ ಒಂದೇ ಟಿಕೆಟ್‌ನಲ್ಲಿ ಕೋಣೆ, ಊಟ, ಮನರಂಜನೆ, ಪ್ರಯಾಣ ಎಲ್ಲ ಸೇರಿರುತ್ತದೆ. ಟಿಕೆಟ್ ಕೊಳ್ಳುವವರು ಹೋಲಿಸಿ ನೋಡುವುದು ದರವನ್ನು. ಏಳು ರಾತ್ರಿಗೆ ಇಷ್ಟು ಡಾಲರ್ ಅಂತ ಜಾಹೀರಾತಿನಲ್ಲಿ ದೊಡ್ಡದಾಗಿ ಇರುತ್ತದೆ. ದಿನಕ್ಕೆ ಎಷ್ಟು ಸಲ ಕೋಣೆ ಗುಡಿಸುತ್ತಾರೆ, ಮೀನಿನ ತುಂಡು ಎಷ್ಟು ದಪ್ಪ ಅನ್ನುವುದು ಎಲ್ಲೂ ಇರುವುದಿಲ್ಲ. ಪಕ್ಕದ ಕಂಪನಿಗಿಂತ ದರ ಜಾಸ್ತಿಯಾದರೆ ಗಿರಾಕಿ ಆ ಕ್ಷಣವೇ ಕೈಬಿಟ್ಟು ಹೋಗುತ್ತಾರೆ. ಸೇವೆ ಕಡಿಮೆಯಾದರೆ ಅದು ಗೊತ್ತಾಗುವುದು ಹಡಗು ಹತ್ತಿದ ಮೇಲೆ. ಆಗ ಸುತ್ತ ಬರೀ ಸಮುದ್ರ.

ಸಣ್ಣ ಸಣ್ಣದನ್ನು ಕಡಿದರೆ ಏನು ಸಿಗುತ್ತದೆ ಅಂತ ಕೇಳಬಹುದು. ಸಿಗುವುದು ಗುಣಾಕಾರದಿಂದ. 2024ರ ಜನವರಿಯಲ್ಲಿ ಓಡಾಟ ಶುರು ಮಾಡಿದ ‘ಐಕಾನ್ ಆಫ್ ದ ಸೀಸ್’ ಹಡಗನ್ನೇ ಅಳತೆಗೆ ಇಟ್ಟುಕೊಳ್ಳಿ. ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೆ ಅದರಲ್ಲಿ 5,610 ಪ್ರಯಾಣಿಕರು. ಅಷ್ಟು ದೊಡ್ಡ ಹಡಗಿನಲ್ಲಿ ದಿನಾ ರಾತ್ರಿ ತಲೆಗೊಂದು ಚಾಕೊಲೇಟ್ ಇಟ್ಟರೆ ವಾರಕ್ಕೆ 39,270 ಚಾಕೊಲೇಟ್. ವರ್ಷಕ್ಕೆ 20 ಲಕ್ಷ ದಾಟುತ್ತದೆ. ಇಂಥ ಹತ್ತು ಹದಿನೈದು ಹಡಗು ಇರುವ ಕಂಪನಿಯ ಲೆಕ್ಕಿಗರಿಗೆ ಆ ಚಾಕೊಲೇಟ್ ಚಿಕ್ಕದಾಗಿ ಕಾಣುವುದಿಲ್ಲ. ವಿಮಾನ ಲೋಕದಲ್ಲಿ ಇದಕ್ಕೊಂದು ಹಳೆಯ ಕಥೆಯೇ ಇದೆ. 1980ರ ದಶಕದಲ್ಲಿ ಅಮೆರಿಕನ್ ಏರ್‌ಲೈನ್ಸ್ ಮುಖ್ಯಸ್ಥರಾಗಿದ್ದ ರಾಬರ್ಟ್ ಕ್ರ್ಯಾಂಡಲ್ ಊಟದ ಸಲಾಡ್‌ನಿಂದ ಒಂದೇ ಒಂದು ಆಲಿವ್ ಕಾಯಿ ತೆಗೆಸಿದರು, ಕಂಪನಿಗೆ ವರ್ಷಕ್ಕೆ ಸುಮಾರು 40,000 ಡಾಲರ್ ಉಳಿಯಿತು ಅಂತ ಇಂದಿಗೂ ಹೇಳುತ್ತಾರೆ. ಆ ಆಲಿವ್ ಇಲ್ಲ ಅಂತ ಯಾರಿಗೂ ಗೊತ್ತಾಗಲಿಲ್ಲವಂತೆ. ಗೊತ್ತಾಗದಷ್ಟೇ ಕಡಿಯಬೇಕು ಅನ್ನುವುದು ಆವತ್ತಿನ ಪಾಠ. ಆದರೆ ಒಂದು ಆಲಿವ್ ಆದ ಮೇಲೆ ಇನ್ನೊಂದು, ಆಮೇಲೆ ಟೊಮೆಟೊ ಅಂತ ಹೋದರೆ ಕೊನೆಗೆ ಬಟ್ಟಲಲ್ಲಿ ಏನು ಉಳಿಯುತ್ತದೆ?

ಕ್ರೂಸ್ ಕಂಪನಿಗಳಿಗೆ ಕತ್ತರಿ ಹಿಡಿಯಲು ಕಾರಣ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಹಡಗುಗಳು ನಿಂತವು. ಅಮೆರಿಕದ ಬಂದರುಗಳಿಂದ ದೊಡ್ಡ ಹಡಗುಗಳು ಮತ್ತೆ ಪ್ರಯಾಣಿಕರನ್ನು ಹೊತ್ತು ಹೊರಟದ್ದು 2021ರ ಜೂನ್ ಕೊನೆಗೆ. ಹದಿನೈದು ತಿಂಗಳು ಆ ಬಂದರುಗಳಿಂದ ಟಿಕೆಟ್ ಆದಾಯ ಇಲ್ಲ. ನಿಂತ ಹಡಗಿಗೂ ಎಂಜಿನ್ ನೋಡಿಕೊಳ್ಳಬೇಕು, ಸಿಬ್ಬಂದಿ ಇರಬೇಕು, ಸಾಲದ ಕಂತು ಕಟ್ಟಬೇಕು. ಕ್ರೂಸ್ ಕಂಪನಿಗಳಲ್ಲಿ ಒಂದಾದ ಕಾರ್ನಿವಲ್ ಸಮೂಹದ ಸಾಲ ಒಂದು ಹಂತದಲ್ಲಿ 3,000 ಕೋಟಿ ಡಾಲರ್ ದಾಟಿತ್ತು. ಆಮೇಲೆ ಇಂಧನ, ಆಹಾರ ಎಲ್ಲ ದುಬಾರಿಯಾಯಿತು. ಹಡಗು ಭರ್ತಿಯಾಗಬೇಕಾದರೆ ಟಿಕೆಟ್ ಅಗ್ಗ ಇರಬೇಕು, ಸಾಲ ತೀರಬೇಕಾದರೆ ಖರ್ಚು ಇಳಿಯಬೇಕು. ಕತ್ತರಿ ಬಿದ್ದದ್ದು ಸೇವೆಯ ಮೇಲೆ.

2023ರ ಆರಂಭದಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ ಸಾಮಾನ್ಯ ಕ್ಯಾಬಿನ್‌ಗಳ ಸ್ವಚ್ಛತೆಯನ್ನು ದಿನಕ್ಕೆ ಎರಡು ಸಲದಿಂದ ಒಂದು ಸಲಕ್ಕೆ ಇಳಿಸಿತು. ಅದೇ ವರ್ಷ ರಾಯಲ್ ಕೆರಿಬಿಯನ್ ಕೂಡ ಅದೇ ದಾರಿ ಹಿಡಿಯಿತು. ದೊಡ್ಡ ದುಬಾರಿ ಕೋಣೆಗಳಾದ ಸೂಟ್‌ಗಳಲ್ಲಿ ಎರಡು ಸಲದ ಸೇವೆ ಹಾಗೇ ಉಳಿಯಿತು. ಇಲ್ಲಿ ಗಮನಿಸಬೇಕಾದದ್ದು ಇದು: ಸೇವೆ ಮಾಯವಾಗಿಲ್ಲ, ಮೇಲಿನ ದರ್ಜೆಗೆ ಏರಿ ಕೂತಿದೆ. ಮೊದಲು ಎಲ್ಲರಿಗೂ ಇದ್ದದ್ದು ಈಗ ಹೆಚ್ಚು ಕೊಟ್ಟವರಿಗೆ ಮಾತ್ರ.

ಇಲ್ಲಿ ಪದದ ಗಡಿ ಎಲ್ಲಿ ಅಂತ ಹೇಳಿಬಿಡಬೇಕು. ರಾಯಲ್ ಕೆರಿಬಿಯನ್ 2017ರಲ್ಲಿ ಕೋಣೆಗೆ ಊಟ ತರಿಸಿದರೆ 7.95 ಡಾಲರ್ ಶುಲ್ಕ ಹಾಕಿತು. ಕಾರ್ನಿವಲ್‌ನ ಮುಖ್ಯ ಊಟದ ಹಾಲ್‌ನಲ್ಲಿ ಎರಡು ಪ್ರಧಾನ ತಿನಿಸು ಆದಮೇಲೆ ಮೂರನೆಯದಕ್ಕೆ 5 ಡಾಲರ್ ಕೊಡಬೇಕಾಗಿ ಬಂತು. ಇವನ್ನೂ ಸ್ಕಿಂಪ್‌ಫ್ಲೇಶನ್ ಅನ್ನುವವರಿದ್ದಾರೆ. ನನ್ನ ಮಟ್ಟಿಗೆ ಇವು ಬೇರೆ. ಟಿಕೆಟ್‌ನ ಗಂಟು ಬಿಚ್ಚಿ ಒಂದೊಂದಕ್ಕೂ ಬೇರೆ ಬೆಲೆ ಕಟ್ಟುವ ಕ್ರಮ ಇದು. ಬೇಕಾದರೆ ಕೊಡಬಹುದು, ಬೇಡವಾದರೆ ಬಿಡಬಹುದು, ಬೆಲೆ ಕಣ್ಣಿಗೆ ಕಾಣುತ್ತದೆ. ಸವೆತದಲ್ಲಿ ಬೆಲೆ ಕಾಣುವುದೇ ಇಲ್ಲ. ಹಾಗಂತ ಎರಡಕ್ಕೂ ನಂಟಿಲ್ಲ ಅಂತಲ್ಲ. ದೊಡ್ಡ ಕ್ರೂಸ್ ಕಂಪನಿಗಳ ಆದಾಯದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬರುವುದು ಹಡಗು ಹತ್ತಿದ ಮೇಲೆ ಮಾಡುವ ಖರ್ಚಿನಿಂದ. ಟಿಕೆಟ್‌ನಲ್ಲಿ ಸೇರಿದ ಊಟ ಸಪ್ಪೆಯಾದಷ್ಟೂ ಪಕ್ಕದ ದುಡ್ಡು ಕೊಡುವ ರೆಸ್ಟೋರೆಂಟ್ ರುಚಿಯಾಗಿ ಕಾಣುತ್ತದೆ ಅಲ್ವಾ?

ಕಣ್ಣಿಗೆ ಬೀಳದ ಇನ್ನೊಂದು ಕಡಿತ ವೇಗದ್ದು. ಹಡಗನ್ನು ಮುಂದಕ್ಕೆ ನೂಕಲು ಬೇಕಾದ ಶಕ್ತಿ, ಹೆಚ್ಚುಕಡಿಮೆ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ವೇಗ ಶೇ 10ರಷ್ಟು ಇಳಿಸಿದರೆ ಬೇಕಾಗುವ ಶಕ್ತಿ ಸುಮಾರು ಶೇ 27ರಷ್ಟು ಇಳಿಯುತ್ತದೆ. ಇದರಿಂದ ಆಗುವ ಇಂಧನ ಉಳಿತಾಯ ಯಾರಿಗೆ ಬೇಡ? ಆದರೆ ನಿಧಾನ ಹೋಗಬೇಕಾದರೆ ಬೇಗ ಹೊರಡಬೇಕು, ತಡವಾಗಿ ತಲುಪಬೇಕು. ಸಂಜೆ 6ಕ್ಕೆ ಬಂದರು ಬಿಡಬೇಕಾದ ಹಡಗು 4ಕ್ಕೇ ಬಿಡುತ್ತದೆ. ಇಳಿದು ಊರು ನೋಡಿ ವಾಪಸ್ ಬರುವ ಸಮಯ ಎರಡು ಗಂಟೆ ಕಡಿಮೆ. ಪ್ರಯಾಣದ ಪಟ್ಟಿಯಲ್ಲಿ ಆ ಊರಿನ ಹೆಸರು ಇದ್ದೇ ಇರುತ್ತದೆ. ಊರು ನೋಡಲೆಂದೇ ಟಿಕೆಟ್ ಕೊಂಡವರಿಗೆ ಇದು ಚಾಕೊಲೇಟ್‌ಗಿಂತ ದೊಡ್ಡ ನಷ್ಟ. ಪರಿಸರಕ್ಕೆ ಒಳ್ಳೆಯದು ಅನ್ನುವುದೂ ನಿಜ. ಹಾಗಾಗಿ ಇದನ್ನು ಪೂರ್ತಿ ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಟಿಕೆಟ್ ಕೊಟ್ಟ ಮೇಲೆ ವೇಳೆ ಬದಲಿಸುವುದು ಮಾತ್ರ ಸರಿಯಲ್ಲ.

ಪರಿಸರದ ಮಾತು ಬಂದರೆ ಟವೆಲ್ ಕಥೆ ಹೇಳಲೇಬೇಕು. ‘ಟವೆಲ್ ಮತ್ತೆ ಬಳಸಿ, ಭೂಮಿ ಉಳಿಸಿ’ ಅನ್ನುವ ಚೀಟಿ ಬಚ್ಚಲು ಮನೆಯಲ್ಲಿ ಎಲ್ಲರೂ ನೋಡಿರುತ್ತೀರಿ. 1986ರಲ್ಲಿ ಅಮೆರಿಕದ ಪರಿಸರವಾದಿ ಜೇ ವೆಸ್ಟರ್‌ವೆಲ್ಡ್ ‘ಗ್ರೀನ್‌ವಾಷಿಂಗ್’ ಅನ್ನುವ ಪದ ಹುಟ್ಟಿಸಿದ್ದೇ ಹೋಟೆಲುಗಳ ಅಂಥ ಚೀಟಿಯ ಬಗ್ಗೆ ಬರೆಯುತ್ತ. ಲಾಂಡ್ರಿ ಖರ್ಚು ಉಳಿಸುವುದನ್ನು ಭೂಮಿಯ ಸೇವೆ ಅಂತ ತೋರಿಸುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಟವೆಲ್ ಕಡಿಮೆ ಒಗೆದರೆ ನೀರು, ವಿದ್ಯುತ್ ಉಳಿಯುತ್ತದೆ, ಸುಳ್ಳಲ್ಲ. ಹಡಗಿನಲ್ಲಂತೂ ಬಳಸುವ ಸಿಹಿನೀರಿನ ದೊಡ್ಡ ಪಾಲನ್ನು ಸಮುದ್ರದ ನೀರಿನಿಂದಲೇ ತಯಾರಿಸಬೇಕು, ಅದಕ್ಕೂ ಶಕ್ತಿ ಬೇಕು. ಆದರೆ ಉಳಿದ ದುಡ್ಡು ಯಾರ ಜೇಬಿಗೆ ಹೋಯಿತು ಅಂತಲೂ ಅದೇ ಚೀಟಿಯಲ್ಲಿ ಬರೆದಿದ್ದರೆ ಚೆನ್ನಾಗಿತ್ತು.

ಈ ಪದದ ಚರ್ಚೆಯಲ್ಲಿ ಜಾಸ್ತಿ ಬಿಟ್ಟುಹೋಗುವುದು ಕೆಲಸಗಾರರ ಮಾತು. ಸಂಜೆಯ ಸೇವೆ ನಿಂತರೆ ಕೋಣೆ ನೋಡಿಕೊಳ್ಳುವ ಸ್ಟೀವರ್ಡ್‌ಗಳಿಗೆ ಆರಾಮ ಅಲ್ವಾ ಅಂತ ಅನ್ನಿಸಬಹುದು. ಹಾಗಾಗುವುದಿಲ್ಲ. ದಿನಕ್ಕೆ ಒಂದೇ ಸಲ ಅಂದಾಗ ಒಬ್ಬರ ಪಾಲಿಗೆ ಬರುವ ಕೋಣೆಗಳ ಸಂಖ್ಯೆ ಏರುತ್ತದೆ. ಸಂಜೆಯ ಕಸವೂ ಬೆಳಿಗ್ಗೆಗೇ ಸೇರಿಕೊಳ್ಳುತ್ತದೆ. ಅಮೆರಿಕದ ಹೋಟೆಲುಗಳಲ್ಲಿ ಇದೇ ಆಯಿತು. 2021ರಲ್ಲಿ ಹಿಲ್ಟನ್ ತನ್ನ ಬಹುಪಾಲು ಹೋಟೆಲುಗಳಲ್ಲಿ ದಿನಾ ಕೋಣೆ ಸ್ವಚ್ಛ ಮಾಡುವುದನ್ನು ನಿಲ್ಲಿಸಿ, ಕೇಳಿದರೆ ಮಾತ್ರ ಅಂದಾಗ ಹೋಟೆಲ್ ಕಾರ್ಮಿಕರ ಸಂಘ ‘ಯುನೈಟ್ ಹಿಯರ್’ ಜೋರಾಗಿ ವಿರೋಧಿಸಿತು. ಮೂರು ದಿನ ಮುಟ್ಟದ ಕೋಣೆಯನ್ನು ಒಂದೇ ಸಲ ತಿಕ್ಕುವುದು ಬೆನ್ನು ಮುರಿಯುವ ಕೆಲಸ, ಜೊತೆಗೆ ಕೆಲಸದ ಗಂಟೆಗಳೂ ಕಡಿತವಾಗುತ್ತವೆ ಅನ್ನುವುದು ಅವರ ಅಳಲು.

ಹಡಗಿನಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ನಾವಿಕ ಕಾರ್ಮಿಕರ 2006ರ ಅಂತರರಾಷ್ಟ್ರೀಯ ಒಪ್ಪಂದವೇ ವಾರಕ್ಕೆ 72 ಗಂಟೆಯವರೆಗೆ ದುಡಿಸಲು ಬಿಡುತ್ತದೆ. ಹಲವು ತಿಂಗಳ ಕರಾರು, ವಾರದ ರಜೆ ಅನ್ನುವುದೇ ಇಲ್ಲ. ದೊಡ್ಡ ಅಮೆರಿಕನ್ ಕಂಪನಿಗಳು ಪ್ರಯಾಣಿಕರಿಂದ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಟಿಪ್ಸ್ ಅಂತ ತಾವೇ ಹಿಡಿದುಕೊಳ್ಳುತ್ತವೆ. ಸೇವೆ ಇಳಿದಾಗ ಕೋಪ ಬಂದ ಪ್ರಯಾಣಿಕರು ಕೌಂಟರಿಗೆ ಹೋಗಿ ಆ ಟಿಪ್ಸ್ ತೆಗೆಸಿಬಿಡುತ್ತಾರೆ. ಕಡಿತದ ತೀರ್ಮಾನ ಕಚೇರಿಯಲ್ಲಿ ಕೂತವರದು, ಪೆಟ್ಟು ಟವೆಲ್ ಆನೆ ಮಾಡುತ್ತಿದ್ದ ಕೈಗೆ. ಇದು ನನಗೆ ತುಂಬ ನೋವು ಕೊಡುವ ವಿಷಯ. ಬೇಸರ ಇದ್ದರೆ ಕಂಪನಿಗೆ ಬರೆಯಿರಿ, ಸ್ಟೀವರ್ಡ್‌ನ ದುಡ್ಡು ಮುಟ್ಟಬೇಡಿ.

ಏನೇ ಕಡಿಮೆಯಾದರೂ ಅದನ್ನೆಲ್ಲ ಈ ಪದದ ಚೀಲಕ್ಕೆ ತುಂಬುವುದೂ ತಪ್ಪು. ಒಂದು ಉದಾಹರಣೆ. ಮೊದಲು ಪ್ರಯಾಣದ ಆರಂಭದಲ್ಲಿ ಎಲ್ಲರೂ ಲೈಫ್ ಜಾಕೆಟ್ ತೊಟ್ಟು ಡೆಕ್ ಮೇಲೆ ಸಾಲಾಗಿ ನಿಂತು ಸುರಕ್ಷತಾ ಕವಾಯತು ಮಾಡಬೇಕಿತ್ತು. 2012ರ ಜನವರಿಯಲ್ಲಿ ‘ಕೋಸ್ಟಾ ಕಾಂಕೋರ್ಡಿಯಾ’ ಹಡಗು ಇಟಲಿಯ ಕರಾವಳಿಯಲ್ಲಿ ಮಗುಚಿ 32 ಜನ ಸತ್ತರು. ಆವತ್ತೇ ಹಡಗು ಹತ್ತಿದ್ದ ಎಷ್ಟೋ ಪ್ರಯಾಣಿಕರಿಗೆ ಕವಾಯತು ಆಗಿರಲೇ ಇಲ್ಲ. ಆಮೇಲೆ ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ಕವಾಯತು ಆಗಲೇಬೇಕು ಅಂತ ನಿಯಮ ಬಂತು. ಕೋವಿಡ್ ಕಾಲದಲ್ಲಿ ರಾಯಲ್ ಕೆರಿಬಿಯನ್ ಇದನ್ನು ಬದಲಿಸಿತು. ಪ್ರಯಾಣಿಕರು ಫೋನಿನಲ್ಲೋ ಕೋಣೆಯ ಟಿವಿಯಲ್ಲೋ ವಿವರಣೆ ನೋಡಿ, ಅಪಾಯ ಬಂದಾಗ ಸೇರಬೇಕಾದ ತಮ್ಮ ಜಾಗಕ್ಕೆ ಹೋಗಿ ಸಿಬ್ಬಂದಿಗೆ ಹಾಜರಿ ಹೇಳಿ ಬಂದರೆ ಸಾಕು. ಬಿಸಿಲಲ್ಲಿ ಗುಂಪಾಗಿ ನಿಲ್ಲುವುದು ತಪ್ಪಿತು, ಗೊತ್ತಿರಬೇಕಾದದ್ದು ಗೊತ್ತಾಯಿತು. ಕಂಪನಿಗೂ ಅನುಕೂಲ, ಜನರಿಗೂ ಅನುಕೂಲ. ಇದು ಸವೆತ ಅಲ್ಲ.

ಹಾಗಾದರೆ ಸವೆತ ಹೌದೋ ಅಲ್ಲವೋ ಅಂತ ನೋಡುವುದು ಹೇಗೆ? ಮೊದಲು ದುಡ್ಡು ಕೊಟ್ಟಾಗ ಏನು ಸಿಗುತ್ತದೆ ಅಂತ ನಂಬಿದ್ದೆವು, ಅದರಲ್ಲಿ ಯಾವುದು ಈಗ ಇಲ್ಲ, ಅದು ಇಲ್ಲ ಅಂತ ದುಡ್ಡು ಕೊಡುವ ಮೊದಲೇ ಹೇಳಿದ್ದರಾ, ಹೋದದ್ದರ ಬದಲು ದರ ಇಳಿಯಿತಾ? ಇಷ್ಟು ಕೇಳಿಕೊಂಡರೆ ಸಾಕು. ದಿನಕ್ಕೆ ಒಂದೇ ಸಲ ಸ್ವಚ್ಛತೆ, ಆದ್ದರಿಂದ ಟಿಕೆಟ್ ಇಷ್ಟು ಕಡಿಮೆ ಅಂತ ಮುಂಚೆಯೇ ಹೇಳಿ ಮಾರಿದರೆ ಅದು ನೇರ ವ್ಯಾಪಾರ. ಬಹಳ ಜನ ಖುಷಿಯಿಂದ ಕೊಳ್ಳುತ್ತಾರೆ ಕೂಡ. ಹಡಗು ಬುಕ್ ಮಾಡುವಾಗ ಹೊಳೆಯುವ ಫೋಟೋಗಳನ್ನು ಪಕ್ಕಕ್ಕಿಟ್ಟು, ಕೋಣೆಯ ಸೇವೆ ದಿನಕ್ಕೆ ಎಷ್ಟು ಸಲ, ಬಂದರಿನಲ್ಲಿ ಎಷ್ಟು ಗಂಟೆ, ಟಿಕೆಟ್‌ನಲ್ಲಿ ಸೇರಿದ ಊಟದ ಹಾಲ್‌ಗಳು ಯಾವುವು ಅಂತ ಬರೆದು ಕೇಳಿ. ಉತ್ತರವನ್ನೂ ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಹತ್ತಿದ ಮೇಲೆ ಹೋಲಿಸಿ ನೋಡಲು ಕೈಯಲ್ಲಿ ಅದೊಂದು ಕಾಗದ ಇರುತ್ತದೆ.