ಔಷಧಿ ಹಾಕಿದ ಮೇಲೂ ಆಕ್ಸಿಜನ್ ಯಾಕೆ?

"ಶ್ವಾಸಕೋಶಕ್ಕೆ ಔಷಧಿ ಹಾಕಿದ್ರಲ್ಲ ಸರ್, ಮತ್ತೆ ಇನ್ನೂ ಯಾಕೆ ಆಕ್ಸಿಜನ್?" ತಿಂಗಳು ತುಂಬದೆ ಹುಟ್ಟಿದ ಮಕ್ಕಳ ಅಪ್ಪ-ಅಮ್ಮಂದಿರು ನವಜಾತ ಶಿಶುಗಳ ತೀವ್ರ ನಿಗಾ ಘಟಕದ (ಎನ್‌ಐಸಿಯು) ಬಾಗಿಲಲ್ಲಿ ಹೀಗೆ ಕೇಳುತ್ತಾರೆ. ಅಲ್ಲಿ ನಿಂತು ಪೂರ್ತಿ ಹೇಳಲು ಆಗುವುದಿಲ್ಲ.

ಆ ಔಷಧಿ ಸರ್ಫ್ಯಾಕ್ಟಂಟ್. ಉಸಿರು ಬಿಟ್ಟಾಗ ಗಾಳಿಚೀಲಗಳು ಮುದುಡಿ ಅಂಟಿಕೊಳ್ಳದಂತೆ ತಡೆಯುವ ಜಿಡ್ಡಿನ ಪದರ. ಬೇಗ ಹುಟ್ಟಿದ ಮಕ್ಕಳಲ್ಲಿ ಇದು ಸಾಲುವುದಿಲ್ಲ ಎಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ತೋರಿಸಿದರು. 1980ರಲ್ಲಿ ಜಪಾನಿನ ಫುಜಿವಾರಾ ತಂಡ ಹಸುವಿನ ಶ್ವಾಸಕೋಶದಿಂದ ತೆಗೆದದ್ದನ್ನು ಮಕ್ಕಳಿಗೆ ಕೊಟ್ಟು ಗೆದ್ದಿತು.

ಆದರೆ ಹಳೆಯ ಸರ್ಫ್ಯಾಕ್ಟಂಟ್ ತೆಗೆಯುವವರೂ ಬೇಕಲ್ವಾ? ಅದರಲ್ಲಿ ದೊಡ್ಡ ಪಾಲು ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶದ್ದು. ಇಲಿಗಳಲ್ಲಿ ಕಂಡಂತೆ, ಭ್ರೂಣದ ಲಿವರ್‌ನಿಂದ ಹೊರಟ ಕೋಶಗಳು ಹುಟ್ಟುವ ಮೊದಲೇ ಶ್ವಾಸಕೋಶ ಸೇರುತ್ತವೆ. ಅಲ್ಲಿ ಮ್ಯಾಕ್ರೋಫೇಜ್ ಆಗಿ ಕೆಲಸ ಕಲಿಯುವುದು ಮಾತ್ರ ಹುಟ್ಟಿದ ಮೊದಲ ವಾರದಲ್ಲಿ. ಕಲಿಸುವವರಲ್ಲಿ ಮುಖ್ಯರು ಸರ್ಫ್ಯಾಕ್ಟಂಟ್ ಮಾಡುವ ಕೋಶಗಳೇ. ಅವು ಜಿಎಂ-ಸಿಎಸ್‌ಎಫ್ ಎಂಬ ಪ್ರೋಟೀನ್ ಬಿಡುತ್ತವೆ. ಅಡುಗೆ ಮಾಡುವವರೇ ಪಾತ್ರೆ ತೊಳೆಯುವವರನ್ನೂ ಪಳಗಿಸಿದ ಹಾಗೆ. ನಾವು ಅಲರ್ಜಿಯ ಕೋಶ ಎಂದಷ್ಟೇ ಓದಿದ್ದ ಬೇಸೋಫಿಲ್ ಕೂಡ ಈ ಪಾಠದಲ್ಲಿ ಕೈಜೋಡಿಸುತ್ತದೆ. 2018ರಲ್ಲಿ ಇದು ಗೊತ್ತಾದಾಗ ನನಗೆ ತುಂಬಾ ಖುಷಿಯಾಯಿತು.

ಈ ಮಾತುಕತೆ ನಿಂತರೆ ಏನಾಗುತ್ತದೆ? 1994ರಲ್ಲಿ ಜಿಎಂ-ಸಿಎಸ್‌ಎಫ್ ಇಲ್ಲದ ಇಲಿಗಳನ್ನು ಬೆಳೆಸಿದರು. ರಕ್ತ ಹೆಚ್ಚೂ ಕಡಿಮೆ ಸರಿಯಾಗಿಯೇ ಇತ್ತು. ಶ್ವಾಸಕೋಶದಲ್ಲಿ ಸರ್ಫ್ಯಾಕ್ಟಂಟ್ ತುಂಬಿಕೊಂಡಿತ್ತು. ದೊಡ್ಡವರಲ್ಲೂ ಇಂಥ ಅಪರೂಪದ ಕಾಯಿಲೆಯಿದೆ. ಹೆಚ್ಚಿನ ರೋಗಿಗಳಲ್ಲಿ ದೇಹವೇ ಆ ಪ್ರೋಟೀನ್ ವಿರುದ್ಧ ಆ್ಯಂಟಿಬಾಡಿ ಮಾಡಿಕೊಂಡಿರುತ್ತದೆ. ಆಗ ಅರಿವಳಿಕೆ ಕೊಟ್ಟು ಲೀಟರ್‌ಗಟ್ಟಲೆ ಸಲೈನ್‌ನಿಂದ ಶ್ವಾಸಕೋಶ ತೊಳೆಯುತ್ತಾರೆ. ಹೊರಬರುವ ನೀರು ಹಾಲಿನಂತಿರುತ್ತದೆ.

ನಿಮ್ಮ ಮಗುವಿನ ತೊಂದರೆ ಬೇರೆ. ಪಳಗಬೇಕಾದ ಹೊತ್ತಿನಲ್ಲೇ ಅದರ ಕೋಶಗಳಿಗೆ ಉಸಿರಾಟದ ಯಂತ್ರದ ಒತ್ತಡ, ಜಾಸ್ತಿ ಆಕ್ಸಿಜನ್, ಕೆಲವೊಮ್ಮೆ ಗರ್ಭದಲ್ಲೇ ತಗುಲಿದ ಸೋಂಕು ಎದುರಾಗುತ್ತವೆ. ಮ್ಯಾಕ್ರೋಫೇಜ್‌ಗಳು ಜಗಳಕ್ಕೆ ಇಳಿಯುತ್ತವೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ಗಾಳಿಚೀಲಗಳಲ್ಲಿ ಹೆಚ್ಚಿನವು ಹುಟ್ಟಿದ ಮೇಲೆಯೇ ಆಗಬೇಕು. ಈ ಗಲಾಟೆಯಲ್ಲಿ ಆ ಕಟ್ಟಡದ ಕೆಲಸ ಕುಂಟುತ್ತದೆ. 1967ರಲ್ಲಿ ನಾರ್ತ್‌ವೇ ವಿವರಿಸಿದ ಬಿಪಿಡಿ (ಬ್ರಾಂಕೋಪಲ್ಮನರಿ ಡಿಸ್‌ಪ್ಲೇಸಿಯಾ) ಎಂಬ, ಬೇಗ ಹುಟ್ಟಿದ ಮಕ್ಕಳ ದೀರ್ಘಕಾಲದ ಶ್ವಾಸಕೋಶ ಕಾಯಿಲೆಯ ಬೇರು ಬಹುಮಟ್ಟಿಗೆ ಇಲ್ಲಿದೆ. ಸರ್ಫ್ಯಾಕ್ಟಂಟ್ ಗಾಳಿಚೀಲ ತೆರೆದಿಡುತ್ತದೆ, ಹೊಸದನ್ನು ಕಟ್ಟುವುದಿಲ್ಲ. ಅದಕ್ಕೇ ಇನ್ನೂ ಆಕ್ಸಿಜನ್ ಬೇಕು.

ಹಾಗಾಗಿ ನಾವು ಆದಷ್ಟು ಬೇಗ ಉಸಿರಿನ ಕೊಳವೆ ತೆಗೆದು, ಮೂಗಿನ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್‌ಗೆ ಹಾಕುತ್ತೇವೆ. ತಾಯಿಯ ಹಾಲಿಗೆ ಒತ್ತಾಯ ಮಾಡುತ್ತೇವೆ. ಆಕ್ಸಿಜನ್ ಮೇಲಿರುವಷ್ಟು ದಿನ ಮಾನಿಟರ್‌ನಲ್ಲಿ ರಕ್ತದ ಆಕ್ಸಿಜನ್ ಮಟ್ಟ ಶೇ. 100 ಕಾಣದಿದ್ದರೆ ಗಾಬರಿಯಾಗಬೇಡಿ. ಅದನ್ನು 90ರಿಂದ 95ರ ನಡುವೆ ಇಡಲೆಂದೇ ನರ್ಸ್ ಆಗಾಗ ಬಂದು ಆಕ್ಸಿಜನ್ ತಗ್ಗಿಸಿ ಹೋಗುವುದು.