ಇಂಚು ಆಮೇಲೆ ಹೇಳಿ, ಮೊದಲು ಕೆರೆ ಯಾವುದು ಹೇಳಿ

ಶನಿವಾರ ಬಂತೆಂದರೆ ನನ್ನ ವಾಟ್ಸಾಪ್‌ಗೆ ಮೀನಿನ ಫೋಟೋಗಳು ಬರಲು ಶುರು. ಜೊತೆಗೆ ಒಂದೇ ಸಾಲು: "ಅಣ್ಣಾ, ಇದು ಇಟ್ಕೋಬಹುದಾ?" ಯಾವ ಕೆರೆ ಅಂತ ಬರೆದಿರುವುದಿಲ್ಲ. ಯಾವ ಕೆರೆ ಅಂತ ನಾನು ಕೇಳಿದರೆ "17 ಇಂಚಿದೆ ಅಣ್ಣಾ" ಅಂತ ಉತ್ತರ. ಮತ್ತೆ ಕೇಳಬೇಕು. ಅಷ್ಟರಲ್ಲಿ ಆ ಬಡಪಾಯಿ ಮೀನು ನೀರಿನ ಹೊರಗೆ ಬಾಯಿ ಬಿಡುತ್ತಾ ನಮ್ಮಿಬ್ಬರ ಚಾಟ್ ಮುಗಿಯಲಿ ಅಂತ ಕಾಯುತ್ತಿರುತ್ತದೆ.

ಡಾಲಸ್ ಸುತ್ತಮುತ್ತ ಜನರನ್ನು ಗಾಳ ಹಾಕಲು ಕರೆದುಕೊಂಡು ಹೋಗುವ ಗೈಡ್ ಕೆಲಸ ನನ್ನದು. ಫ್ರಿಸ್ಕೋ, ಪ್ಲೇನೋ, ಅರ್ವಿಂಗ್ ಕಡೆಯ ಕನ್ನಡದವರು ಜಾಸ್ತಿ ಬರುತ್ತಾರೆ. ಲೈಸೆನ್ಸ್ ವಿಷಯದಲ್ಲಿ ನಮ್ಮವರು ಪಕ್ಕಾ, ಊರಿಂದ ಬಂದ ಅಪ್ಪ ಅಮ್ಮನಿಗೂ ಹೊರಗಿನವರ ಲೈಸೆನ್ಸ್ ಮಾಡಿಸಿ ಪ್ರಿಂಟ್ ಬೇರೆ ತಂದಿರುತ್ತಾರೆ. ಎಡವುವುದು ಅಳತೆಯಲ್ಲಿ. ಎಷ್ಟು ಓದಿದವರಾದರೂ ತಲೆಯಲ್ಲಿ ಕೂತಿರುವುದು ಒಂದೇ ಲೆಕ್ಕ: ಚಿಕ್ಕದಾದರೆ ಬಿಡಬೇಕು, ದೊಡ್ಡದಾದರೆ ಇಟ್ಟುಕೊಳ್ಳಬಹುದು.

ಟೆಕ್ಸಸ್‌ನ ಬಹಳಷ್ಟು ಕೆರೆಗಳಲ್ಲಿ ಇದು ಸರಿಯೇ. ಲಾರ್ಜ್‌ಮೌತ್ ಬಾಸ್ ಅನ್ನುವ ಮೀನು ಕನಿಷ್ಠ 14 ಇಂಚು ಇರಬೇಕು, ಒಬ್ಬರಿಗೆ ದಿನಕ್ಕೆ ಐದು. ಆದರೆ ಡಾಲಸ್‌ನಿಂದ ಪೂರ್ವಕ್ಕೆ ಒಂದೂವರೆ ಗಂಟೆ ಕಾರು ಓಡಿಸಿ ಲೇಕ್ ಫೋರ್ಕ್‌ಗೆ ಹೋದರೆ ಲೆಕ್ಕ ತಲೆಕೆಳಗು. ಅಲ್ಲಿ 16ರಿಂದ 24 ಇಂಚಿನ ಬಾಸ್ ಸಿಕ್ಕರೆ ವಾಪಸ್ ಬಿಡಬೇಕು. 16ಕ್ಕಿಂತ ಚಿಕ್ಕದನ್ನು ಇಟ್ಟುಕೊಳ್ಳಬಹುದು. 24 ದಾಟಿದ್ದನ್ನೂ ಇಟ್ಟುಕೊಳ್ಳಬಹುದು, ಆದರೆ ದಿನಕ್ಕೆ ಒಂದೇ. ಎಲ್ಲ ಸೇರಿ ಐದು. ಇದಕ್ಕೆ ಸ್ಲಾಟ್ ಅನ್ನುತ್ತಾರೆ. ಅಂದರೆ ನೀವು ಫೋಟೋ ಕಳಿಸಿದ ಆ 17 ಇಂಚಿನ ಮೀನು ಒಂದು ಕೆರೆಯಲ್ಲಿ ರಾತ್ರಿಯ ಊಟ, ಫೋರ್ಕ್‌ನಲ್ಲಿ ದಂಡ. ಮೀನು ಅದೇ, ಇಂಚೂ ಅದೇ.

ಶೃಂಗೇರಿ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ದೇವಸ್ಥಾನದ ಹತ್ತಿರ ತುಂಗೆಯಲ್ಲಿ ಅಷ್ಟೊಂದು ಮೀನಿದ್ದರೂ ಯಾರೂ ಮುಟ್ಟುವುದಿಲ್ಲ, ಮಂಡಕ್ಕಿ ಹಾಕಿ ಕೈಮುಗಿದು ಬರುತ್ತಾರೆ. ಅದೇ ಹೊಳೆಯಲ್ಲಿ ದೂರ ಹೋದರೆ ಗಾಳ ಹಾಕುವವರು ಕೂತಿರುತ್ತಾರೆ. ಕಟ್ಟುಪಾಡು ಇರುವುದು ಆ ಜಾಗದ ನೀರಿಗೆ. ಇಲ್ಲೂ ಹಾಗೆಯೇ, ಕೈಮುಗಿಯುವುದೊಂದಿಲ್ಲ.

"ಮಧ್ಯದ ಸೈಜನ್ನೇ ಯಾಕೆ ಬಿಡಬೇಕು? ಅದೇ ತಾನೇ ತಿನ್ನೋಕೆ ಚೆನ್ನಾಗಿರೋದು?" ಅಂತ ಎಲ್ಲರೂ ಕೇಳುತ್ತಾರೆ. ಕನಿಷ್ಠ ಅಳತೆ ಇಡುವುದು ಮೀನು ಒಂದು ಸಲವಾದರೂ ಮೊಟ್ಟೆ ಇಡಲಿ ಅಂತ. ಸ್ಲಾಟ್ ಇಡುವ ಉದ್ದೇಶ ಬೇರೆ. ಕೆರೆಯಲ್ಲಿ ಮರಿ ಚೆನ್ನಾಗಿ ಆಗುತ್ತಿದೆ, ಚಿಕ್ಕ ಬಾಸ್ ವಿಪರೀತ ತುಂಬಿಕೊಂಡಿವೆ, ಎಲ್ಲವೂ ಅದೇ ಸಣ್ಣ ಮೀನಿಗೆ ಬಾಯಿ ಹಾಕುತ್ತಿವೆ ಅಂದುಕೊಳ್ಳಿ. ಆಗ ಯಾವುದಕ್ಕೂ ಹೊಟ್ಟೆ ತುಂಬುವುದಿಲ್ಲ, ಯಾವುದೂ ಬೆಳೆಯುವುದಿಲ್ಲ. ಆದ್ದರಿಂದ ಚಿಕ್ಕವನ್ನು ತೆಗೆಯಿರಿ, ಬೆಳೆಯುವ ದಾರಿಯಲ್ಲಿರುವ ಮಧ್ಯದವನ್ನು ಬಿಡಿ, ಅವು ದೈತ್ಯ ಆಗಲಿ ಅನ್ನುವುದು ಲೆಕ್ಕ. ಆ ದೈತ್ಯಗಳೆಲ್ಲ ಹೆಚ್ಚುಕಮ್ಮಿ ಹೆಣ್ಣೇ. ಗಂಡು ಬಾಸ್ ಗೂಡು ಕಾಯುತ್ತದೆ, ಮರಿ ಕಾಯುತ್ತದೆ, ಆದರೆ ಅಷ್ಟು ದೊಡ್ಡದಾಗುವುದಿಲ್ಲ.

ಫೋರ್ಕ್ ಅನ್ನು ಹೀಗೆ ಜೋಪಾನ ಮಾಡುವುದಕ್ಕೆ ಕಾರಣವೂ ಇದೆ. 1986ರಲ್ಲಿ ಮಾರ್ಕ್ ಸ್ಟೀವನ್ಸನ್ ಅನ್ನುವ ಗೈಡ್ ಇಲ್ಲಿ 17.67 ಪೌಂಡಿನ ಬಾಸ್ ಹಿಡಿದರು. ಎತೆಲ್ ಅಂತ ಹೆಸರು ಬಂತು ಅದಕ್ಕೆ. ಕೊಲ್ಲಲಿಲ್ಲ, ಅದು ಮಿಸ್ಸೂರಿಯ ಬಾಸ್ ಪ್ರೋ ಅಂಗಡಿಯ ಅಕ್ವೇರಿಯಂ ಸೇರಿ ವರ್ಷಗಟ್ಟಲೆ ಬದುಕಿತು. ದೊಡ್ಡ ಬಾಸ್‌ಗಳನ್ನು ಸಾಕಿ ಮರಿ ಮಾಡಿಸುವ ಶೇರ್‌ಲಂಕರ್ ಕಾರ್ಯಕ್ರಮ ಶುರುವಾಗಿದ್ದೇ ಅದರಿಂದ. ರಾಜ್ಯದ ದಾಖಲೆಯಾದ 18.18 ಪೌಂಡಿನ ಬಾಸ್ ಸಿಕ್ಕಿದ್ದೂ ಇದೇ ಕೆರೆಯಲ್ಲಿ, 1992ರ ಜನವರಿಯಲ್ಲಿ.

ನನಗೆ ಸಿಟ್ಟು ಬರುವುದು ಇಲ್ಲೇ. ನಮ್ಮವರು ಫೋರ್ಕ್‌ನಲ್ಲಿ 13 ಇಂಚಿನದನ್ನು "ಪಾಪ, ಮರಿ" ಅಂತ ಮುದ್ದಾಗಿ ನೀರಿಗೆ ಬಿಟ್ಟು, 18 ಇಂಚಿನದನ್ನು ಹೆಮ್ಮೆಯಿಂದ ಕೂಲರ್‌ಗೆ ಹಾಕುತ್ತಾರೆ. ಕೆರೆಗೆ ಬೇಕಾಗಿದ್ದು ಸರಿಯಾಗಿ ಇದರ ಉಲ್ಟಾ. ಎಲ್ಲವನ್ನೂ ಬಿಟ್ಟುಬಿಡುವ ಅಮೆರಿಕನ್ನರೂ ಅರ್ಧ ಕೆಲಸವನ್ನೇ ಮಾಡುತ್ತಾರೆ, ಅದು ಬೇರೆ ಮಾತು. ಚಿಕ್ಕದನ್ನು ಯಾರೂ ತೆಗೆಯದಿದ್ದರೆ ಸ್ಲಾಟ್ ಹಾಕಿ ಏನು ಪ್ರಯೋಜನ?

ಅಳೆಯುವ ರೀತಿಯನ್ನೂ ಹೇಳಿಬಿಡುತ್ತೇನೆ. ಹೊಟ್ಟೆಯ ಮೇಲೆ ಟೇಪ್ ಸುತ್ತಿ ಅಳೆಯಬೇಡಿ, ಅದು ಟೈಲರ್ ಕೆಲಸ. ಚಪ್ಪಟೆ ಬೋರ್ಡ್ ಒದ್ದೆ ಮಾಡಿ, ಮೀನನ್ನು ಮಗ್ಗುಲಾಗಿ ಮಲಗಿಸಿ, ಬಾಯಿ ಮುಚ್ಚಿಸಿ, ಮೂತಿಯನ್ನು ಬೋರ್ಡಿನ ತುದಿಗೆ ತಾಗಿಸಿ. ಆಮೇಲೆ ಬಾಲದ ಎರಡೂ ತುದಿಗಳನ್ನು ಬೆರಳಲ್ಲಿ ಒಟ್ಟಿಗೆ ಹಿಂಡಿ. ಆಗ ಬಾಲ ಚೂಪಾಗಿ ಸ್ವಲ್ಪ ಮುಂದೆ ಹೋಗುತ್ತದೆ. ಆ ತುದಿಯವರೆಗಿನದೇ ಉದ್ದ. ಬಾಲ ಅಗಲವಾಗಿ ಬಿಟ್ಟರೆ 15 ಮುಕ್ಕಾಲು ತೋರಿಸಿದ್ದು, ಹಿಂಡಿದರೆ 16 ದಾಟಬಹುದು.

ಶಿವಮೊಗ್ಗ ಕಡೆಯ ಹಿರಿಯರೊಬ್ಬರು ಮಗನ ಮನೆಗೆ ಬಂದವರು ನನ್ನ ಜೊತೆ ಬರುತ್ತಿದ್ದರು. ಮೊದಲ ಸಲ ಸಾಮಾನ್ಯ ನಿಯಮದ ಕೆರೆಗೆ ಹೋಗಿದ್ದೆವು. 14ಕ್ಕೆ ಒಂದು ನೂಲು ಕಮ್ಮಿ ಕಾಣುತ್ತಿದ್ದ ಮೀನು ಬಾಲ ಹಿಂಡಿದಾಗ ಪಾಸಾಯಿತು, ಯಜಮಾನರಿಗೆ ಖುಷಿಯೋ ಖುಷಿ. ಮುಂದಿನ ವಾರ ಫೋರ್ಕ್‌ನಲ್ಲಿ 16ರ ಹತ್ತಿರ ಇದ್ದದ್ದನ್ನು ಹಿಂಡಿದೆ, ಗೆರೆ ದಾಟಿತು, ನೀರಿಗೆ ಬಿಟ್ಟೆ. ಅವರು ನನ್ನನ್ನೇ ನೋಡಿದರು. "ಏನಪ್ಪಾ, ಮೊನ್ನೆ ನೀನೇ ಹಿಂಡಿ ಉದ್ದ ಮಾಡಿ ಕೊಟ್ಟೆ, ಇವತ್ತು ನೀನೇ ಹಿಂಡಿ ಕಸ್ಕೊಂಡೆ. ನೀನು ಯಾರ ಕಡೆ?" ಅಂದರು. ಸ್ಲಾಟ್ ಅಂದರೆ ಏನು ಅಂತ ಅವರಿಗೆ ಆಮೇಲೆ ನಾನು ಹೇಳಬೇಕಾಗಲೇ ಇಲ್ಲ, ಮಗನಿಗೆ ಅವರೇ ಪಾಠ ಮಾಡಿದರು.

ಇನ್ನೊಂದು ವಾದ ಇದೆ: "ಹೇಗೂ ಸತ್ತಿದೆ, ಬಿಸಾಡೋದು ಪಾಪ ಅಲ್ವಾ?" ಗಾಳ ನುಂಗಿ ಸತ್ತ ಮೀನನ್ನು ನೀರಿಗೆ ಎಸೆಯುವುದು ನನಗೂ ಸಂಕಟವೇ. ಆದರೆ ಅಳತೆಗೆ ಹೊಂದದ ಮೀನು ಸತ್ತಿದ್ದರೂ ಇಟ್ಟುಕೊಳ್ಳುವಂತಿಲ್ಲ. ಸತ್ತದ್ದಕ್ಕೆ ಮಾಫಿ ಅಂದರೆ ದಡದಲ್ಲಿ ಎಲ್ಲರ ಮೀನೂ ಸಾಯಲು ಶುರುವಾಗುತ್ತವೆ. ಮೀನು, ಬೇಟೆಯ ನಿಯಮ ನೋಡಿಕೊಳ್ಳುವ ಗೇಮ್ ವಾರ್ಡನ್ ಹಿಡಿದರೆ ಸಾಮಾನ್ಯವಾಗಿ 25ರಿಂದ 500 ಡಾಲರ್ ದಂಡ, ಮೇಲೆ ಮೀನಿನ ಬೆಲೆಯನ್ನೂ ವಸೂಲಿ ಮಾಡಬಹುದು. ದೋಣಿಯಲ್ಲೇ ತಲೆ ಬಾಲ ಕತ್ತರಿಸಿ ಸಾರಿಗೆ ರೆಡಿ ಮಾಡುವುದೂ ಬೇಡ. ಅಳೆಯಲು ಅವರಿಗೆ ಇಡೀ ಮೀನು ಬೇಕು.

ಸ್ಟೇಟ್ ಪಾರ್ಕ್ ಒಳಗೆ ದಡದಿಂದ ಗಾಳ ಹಾಕಲು ಲೈಸೆನ್ಸ್ ಬೇಡ. ಅದನ್ನು ಕೇಳಿ ಲಿಮಿಟ್ಟೂ ಇಲ್ಲ ಅಂದುಕೊಂಡವರಿದ್ದಾರೆ. ಇದೆ. ಕ್ಯಾಟ್‌ಫಿಶ್ ದೊಡ್ಡ ಕೆರೆಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ 25, ಅದರಲ್ಲಿ 20 ಇಂಚು ಅಥವಾ ಮೇಲಿನವು ಹತ್ತೇ. ಮನೆ ಹತ್ತಿರದ ಪಾರ್ಕಿನ ಪುಟ್ಟ ಕೆರೆಯಲ್ಲಿ ಐದೇ. ಲೆಕ್ಕ ತಲೆಗೆ, ಕಾರಿಗಲ್ಲ. ನಾಲ್ಕು ಜನರ ಮೀನು ಒಂದೇ ಕೂಲರ್‌ನಲ್ಲಿದ್ದರೆ ಯಾರದ್ದು ಯಾವುದು ಅಂತ ನೀವೇ ಹೇಳಬೇಕಾಗುತ್ತದೆ, ಸುಮ್ನೆ ಬೇರೆ ಬೇರೆ ಚೀಲದಲ್ಲಿಡಿ.

ನಿಯಮ ವರ್ಷವರ್ಷ ಬದಲಾಗಬಹುದು, ಸಾಮಾನ್ಯವಾಗಿ ಸೆಪ್ಟೆಂಬರ್ 1ರಿಂದ. ನಾನು ವಕೀಲನೂ ಅಲ್ಲ, ವಾರ್ಡನ್ನೂ ಅಲ್ಲ. ಹೊರಡುವ ಮುಂಚೆ ಟೆಕ್ಸಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಆ್ಯಪ್‌ನಲ್ಲಿ ಕೆರೆಯ ಹೆಸರು ಹಾಕಿ ನೋಡಿ.

ಮಲೆನಾಡಿನವರಿಗೆ ಒಂದು ಮಾತು. ಫೆಬ್ರವರಿ, ಮಾರ್ಚ್‌ನಲ್ಲಿ ವೈಟ್ ಬಾಸ್ ಅನ್ನುವ ಬೇರೆ ಜಾತಿಯ ಮೀನು ಮೊಟ್ಟೆ ಇಡಲು ಕೆರೆಯಿಂದ ಹೊಳೆಗೆ ಹತ್ತುತ್ತದೆ, ಥೇಟ್ ಮಳೆಗಾಲದಲ್ಲಿ ಮೇಲಕ್ಕೆ ಹತ್ತುವ ನಮ್ಮ ಹತ್ತುಮೀನು. ನೋಡಿದರೆ ಕೈ ತುರಿಸುತ್ತದೆ, ಗೊತ್ತು. 10 ಇಂಚು ಇರಬೇಕು, ದಿನಕ್ಕೆ 25. ಆದರೆ ಅದೇ ಗುಂಪಿನಲ್ಲಿ ಅದರ ಮಿಶ್ರತಳಿ ಸೋದರಸಂಬಂಧಿ ಹೈಬ್ರಿಡ್ ಇರುತ್ತದೆ, ಅದಕ್ಕೆ 18 ಇಂಚು, ದಿನಕ್ಕೆ ಐದು. ಹೊರಗಿಂದ ಎರಡೂ ಒಂದೇ ತರಹ. ಬಾಯೊಳಗೆ ಬೆರಳು ಹಾಕಿ ನಾಲಿಗೆಯ ಹಿಂಭಾಗ ಮುಟ್ಟಿ ನೋಡಿ: ಒರಟು ಪಟ್ಟಿ ಒಂದಿದ್ದರೆ ವೈಟ್ ಬಾಸ್, ಎರಡಿದ್ದರೆ ಹೈಬ್ರಿಡ್. ಅನುಮಾನ ಬಂದರೆ ಬಿಟ್ಟುಬಿಡಿ.

ಇಷ್ಟೆಲ್ಲ ತಲೆಬಿಸಿ ಬೇಡ, ಮನೆಗೆ ಮೀನು ಬೇಕು ಅಷ್ಟೇ ಅನ್ನುವವರು ಬಾಸ್ ಗೊಡವೆಗೇ ಹೋಗಬೇಡಿ. ಅಂಗೈ ಅಗಲದ ಬ್ಲೂಗಿಲ್ ಹಿಡಿಯಿರಿ. ಸಣ್ಣ ಗಾಳ, ಎರೆಹುಳ, ದಡದಲ್ಲಿ ಒಂದಿಷ್ಟು ನೆರಳು ಸಾಕು, ಮಕ್ಕಳಿಗೂ ಬೇಜಾರಾಗುವುದಿಲ್ಲ. ಟೆಕ್ಸಸ್‌ನಲ್ಲಿ ಅದಕ್ಕೆ ರಾಜ್ಯಮಟ್ಟದ ಅಳತೆಯೂ ಇಲ್ಲ, ಸಂಖ್ಯೆಯ ಮಿತಿಯೂ ಇಲ್ಲ. ಮುಳ್ಳು ಜಾಸ್ತಿ ಅಂತ ಗೊಣಗುವವರು ಇದ್ದಾರೆ. ಹೊಳೆಮೀನು ತಿಂದು ಬೆಳೆದವರು ಹಾಗೆ ಗೊಣಗಬಾರದು. ಅಡ್ಡಡ್ಡ ಗೀರು ಹಾಕಿ, ಖಾರದ ಪುಡಿ, ಅರಿಶಿನ, ಹುಳಿ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿ.