ನಾಲ್ಕೂ ಚಕ್ರ ತಿರುಗಿದರೆ ಸಾಕಾ? ಹಿಮದ ರಸ್ತೆಗೆ ಹೊರಟವರ ಪ್ರಶ್ನೆ

ಪ್ರಶ್ನೆ: ಸರ್, ನಾವು ದಾವಣಗೆರೆಯ ವಿದ್ಯಾನಗರದವರು. ಹೋದ ವರ್ಷ ಆಲ್ ವೀಲ್ ಡ್ರೈವ್ ಕಾರು ತಗೊಂಡೆವು. ಜನವರಿಯಲ್ಲಿ ಮಕ್ಕಳನ್ನ ಕರ್ಕೊಂಡು ಕಾರಲ್ಲೇ ಮನಾಲಿಗೆ ಹೋಗಿ, ಹಿಮ ತೋರಿಸ್ಕೊಂಡು ಬರಬೇಕು ಅಂತ ಆಸೆ. ನಾಲ್ಕೂ ಚಕ್ರಕ್ಕೆ ಪವರ್ ಹೋಗುತ್ತಲ್ಲ, ಹಿಮದಲ್ಲಿ ಓಡಿಸಲು ಅಷ್ಟು ಸಾಕಲ್ವಾ?

ಉತ್ತರ: ಹೊರಡೋಕೆ ಸಾಕು. ನಿಲ್ಲೋಕೆ ಸಾಲದು.

ಹಿಮ ನೋಡದವರಿಗೆ ಇದನ್ನ ಹೇಗೆ ಹೇಳೋದು ಅಂತ ಯೋಚಿಸಿದಾಗಲೆಲ್ಲ ನನಗೆ ನಮ್ಮ ಮೆಕ್ಕೆಜೋಳ ನೆನಪಾಗುತ್ತದೆ. ದೀಪಾವಳಿಯ ಆಸುಪಾಸಿನಲ್ಲಿ ಜಗಳೂರು ಕಡೆಗೋ ಭರಮಸಾಗರದ ಒಳರಸ್ತೆಗಳಿಗೋ ಹೋಗಿ ನೋಡಿ. ಅರ್ಧ ರಸ್ತೆಗೆ ಕಾಳು ಹರವಿ ಒಣಗಲು ಬಿಟ್ಟಿರುತ್ತಾರೆ. ಅದರ ಮೇಲೆ ನೇರವಾಗಿ ಹೋಗುತ್ತಿದ್ದರೆ ಏನೂ ಅನ್ನಿಸುವುದಿಲ್ಲ. ಬ್ರೇಕ್ ಒತ್ತಿದಾಗ ಗೊತ್ತಾಗುತ್ತದೆ.

ಹಾಗೊಂದು ಸಂಜೆ ನನಗೂ ಗೊತ್ತಾಯಿತು. ಎದುರಿಗೆ ಲಾರಿ ಬಂತು, ಎಡಕ್ಕೆ ತಗೊಂಡೆ, ಎರಡು ಚಕ್ರ ಕಾಳಿನ ಮೇಲೆ ಹತ್ತಿದವು. ಅದೇ ಹೊತ್ತಿಗೆ ಒಂದು ಮೇಕೆ ರಸ್ತೆ ದಾಟಿತು. ವೇಗ ನಲವತ್ತರ ಹತ್ತಿರ ಇತ್ತು. ಬ್ರೇಕ್ ಒತ್ತಿದೆ. ಪೆಡಲ್ ಕಾಲಿನ ಕೆಳಗೆ ಗಡಗಡ ನಡುಗಿತು, ಟೈರ್ ಕೆಳಗೆ ಕಾಳು ಜರ್ರನೆ ಉರುಳಿತು, ಕಾರು ತನ್ನ ಪಾಡಿಗೆ ಮುಂದೆ ಹೋಯಿತು. ಮೇಕೆ ತಾನೇ ಜಿಗಿದು ಬದುಕಿಕೊಂಡಿತು. ಆ ಕಾರಿನಲ್ಲೂ ನಾಲ್ಕೂ ಚಕ್ರಕ್ಕೆ ಪವರ್ ಇತ್ತು. ಆ ಹೊತ್ತಿನಲ್ಲಿ ಅದು ಏನು ಮಾಡಬಲ್ಲದಿತ್ತು ಹೇಳಿ? ಬ್ರೇಕ್ ಅಂತೂ ಎಲ್ಲ ಕಾರಿಗೂ ನಾಲ್ಕೂ ಚಕ್ರಕ್ಕೆ ಇದ್ದೇ ಇರುತ್ತದೆ. ನಿಲ್ಲಿಸುವುದು ಟೈರ್ ಮತ್ತು ನೆಲದ ನಡುವಿನ ಹಿಡಿತ. ಅದನ್ನ ಎಂಜಿನ್ ಕೊಡುವುದಿಲ್ಲ.

ಲೆಕ್ಕ ನೋಡಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದೀರಿ. ಒಣ ಟಾರು ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ಸುಮಾರು 9 ಮೀಟರಿಗೆ ಕಾರು ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಹೆಚ್ಚುಕಡಿಮೆ 25 ಮೀಟರ್ ಬೇಕು. ನುಣುಪಾದ ಐಸ್ ಮೇಲೆ 60 ಮೀಟರ್ ದಾಟುತ್ತದೆ, ಅಂದರೆ ಐದು ಕೆಂಪು ಬಸ್ಸು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು ಉದ್ದ. ಅದೇ ಐಸ್ ಮೇಲೆ ವೇಗ 20ಕ್ಕೆ ಇಳಿಸಿ, 16 ಮೀಟರಿಗೆ ನಿಲ್ಲುತ್ತೀರಿ. ವೇಗ ಅರ್ಧ ಮಾಡಿದರೆ ನಿಲ್ಲುವ ದೂರ ಕಾಲು ಭಾಗಕ್ಕೆ ಬರುತ್ತದೆ. ಹಿಮದಲ್ಲಿ ನಿಮ್ಮ ಕೈಯಲ್ಲಿರುವ ದೊಡ್ಡ ಸಾಧನ ಇದೇ.

ಆಲ್ ವೀಲ್ ಡ್ರೈವ್‌ನ ಅಪಾಯ ಇಲ್ಲೇ ಇರುವುದು. ಮುಂದಿನ ಎರಡು ಚಕ್ರಕ್ಕೆ ಮಾತ್ರ ಪವರ್ ಇರುವ ಕಾರು ಹಿಮದಲ್ಲಿ ಹೊರಡುವಾಗಲೇ ಚಕ್ರ ಸುತ್ತಿಸಿ, ರಸ್ತೆ ಸರಿಯಿಲ್ಲ ಅಂತ ಹೇಳಿಬಿಡುತ್ತದೆ. ನಿಮ್ಮ ಕಾರು ಹಾಗೆ ಹೇಳುವುದಿಲ್ಲ. ಸಲೀಸಾಗಿ ಹೊರಡುತ್ತದೆ, ಏರು ಹತ್ತುತ್ತದೆ, 50ರ ವೇಗವನ್ನೂ ಮುಟ್ಟುತ್ತದೆ. ರಸ್ತೆ ಎಷ್ಟು ಜಾರುತ್ತಿದೆ ಅಂತ ಗೊತ್ತಾಗುವುದು ಮೊದಲ ತಿರುವಿನಲ್ಲೇ. ಅದಕ್ಕೇ ಹಿಮದ ರಸ್ತೆಗೆ ಇಳಿದ ಕೂಡಲೇ ಹಿಂದೆ ಯಾರೂ ಇಲ್ಲದಾಗ, ನೇರ ರಸ್ತೆಯಲ್ಲಿ, ನಿಧಾನ ವೇಗದಲ್ಲಿ ಒಮ್ಮೆ ಬ್ರೇಕ್ ಒತ್ತಿ ನೋಡಿ. ಆಕ್ಸಿಲರೇಟರ್ ಹೇಳುವುದನ್ನ ನಂಬಬೇಡಿ, ಬ್ರೇಕ್ ಹೇಳುವುದನ್ನ ನಂಬಿ.

ನಿಮ್ಮದು ಯಾವ ಬಗೆಯದು ಅಂತಲೂ ತಿಳಿದಿರಲಿ. ಎಕ್ಸ್‌ಯುವಿ700, ಗ್ರ್ಯಾಂಡ್ ವಿಟಾರಾದ ಆಲ್ ವೀಲ್ ಡ್ರೈವ್ ಮಾದರಿಗಳಲ್ಲಿ ಎಲ್ಲ ತಾನೇ ನಡೆಯುತ್ತದೆ. ಮುಂದಿನ ಚಕ್ರ ಜಾರಿದ್ದು ಗೊತ್ತಾದರೆ ಹಿಂದಕ್ಕೂ ಪವರ್ ಕಳಿಸುತ್ತದೆ. ಸ್ನೋ ಮೋಡ್ ಇದ್ದರೆ ಹಾಕಿಕೊಳ್ಳಿ, ಪೆಡಲ್ ಒತ್ತಿದಷ್ಟೂ ಪವರ್ ನುಗ್ಗದೆ ಮೆಲ್ಲಗೆ ಬರುತ್ತದೆ. ಥಾರ್, ಜಿಮ್ನಿಯಂಥವು ಬೇರೆ ಜಾತಿ. ಅವುಗಳಲ್ಲಿ ನಾಲ್ಕೂ ಚಕ್ರಕ್ಕೆ ಪವರ್ ಕೊಡುವ ಫೋರ್ ಹೈ, ಫೋರ್ ಲೋ ಗೇರ್ ನೀವೇ ಹಾಕಬೇಕು, ಒಣ ಟಾರು ಬಂದ ಕೂಡಲೇ ತೆಗೆಯಬೇಕು. ತೆಗೆಯದಿದ್ದರೆ ತಿರುವುಗಳಲ್ಲಿ ಗೇರ್ ವ್ಯವಸ್ಥೆ ಬಿಗಿದುಕೊಂಡು ಕೆಡುತ್ತದೆ.

ಇನ್ನು ಇಳಿಜಾರು. ಜನ ಏರು ಹತ್ತುವುದನ್ನೇ ಯೋಚಿಸುತ್ತಾರೆ. ನನ್ನ ಪ್ರಕಾರ ಹತ್ತುವುದು ಕಷ್ಟವೇ ಅಲ್ಲ. ಹತ್ತು ಮೀಟರ್ ಹೋದರೆ ಒಂದು ಮೀಟರ್ ಇಳಿಯುವ ರಸ್ತೆ ಅಂದುಕೊಳ್ಳಿ, ಘಾಟಿಯಲ್ಲಿ ಇದು ಮಾಮೂಲು. ಅಂಥ ಇಳಿಜಾರಿನಲ್ಲಿ ನುಣುಪು ಐಸ್ ಇದ್ದರೆ ಕಾರನ್ನ ಕೆಳಗೆ ಎಳೆಯುವ ಬಲವೂ ಟೈರಿನ ಹಿಡಿತವೂ ಸುಮಾರಾಗಿ ಸಮ. ಅಂದರೆ ಬ್ರೇಕ್ ಎಷ್ಟೇ ಒತ್ತಿದರೂ ಕಾರು ನಿಲ್ಲುವುದೇ ಇಲ್ಲ. ಅಲ್ಲಿ ಇಳಿಯಲು ಶುರುಮಾಡುವ ಮೊದಲೇ ಮೇಲೆ ಪೂರ್ತಿ ನಿಲ್ಲಿಸಿ, ಮೊದಲನೇ ಗೇರಿಗೆ ಹಾಕಿ, ಎಂಜಿನ್ ತಡೆಯುವಂತೆ ಇಳಿಯಬೇಕು. ಆಟೋಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡಿಗೆ ತಂದು ಒಂದನೇ ಗೇರ್ ಹಿಡಿಯಿರಿ. ಇಳಿಜಾರಿನಲ್ಲಿ ಕಾರು ತಾನೇ ಬ್ರೇಕ್ ಹಿಡಿದು ನಿಧಾನ ಇಳಿಯುವಂತೆ ಮಾಡುವ ಹಿಲ್ ಡಿಸೆಂಟ್ ಗುಂಡಿ ಇದ್ದರೆ ಒತ್ತಿ. ಮುಂದಿನ ಗಾಡಿ ಪೂರ್ತಿ ಕೆಳಗೆ ಮುಟ್ಟುವವರೆಗೆ ಕಾಯಿರಿ. ಹಿಂದಿನವರು ಹಾರನ್ ಹೊಡೆದರೆ ಹೊಡೆಯಲಿ.

ಬಿಳಿ ಹಿಮಕ್ಕಿಂತ ನನಗೆ ಜಾಸ್ತಿ ಭಯ ಕಾಣದ ಐಸ್‌ನದು. ಬ್ಲಾಕ್ ಐಸ್ ಅಂತಾರೆ. ಹಗಲು ಕರಗಿದ ಹಿಮದ ನೀರು ರಾತ್ರಿ ಟಾರಿನ ಮೇಲೆ ಗಾಜಿನ ಹಾಳೆಯಂತೆ ಹೆಪ್ಪುಗಟ್ಟುತ್ತದೆ. ನೋಡಲು ಒದ್ದೆ ರಸ್ತೆಯ ಹಾಗೇ ಇರುತ್ತದೆ.

ಮನಾಲಿಯಲ್ಲಿ ಒಂದು ಬೆಳಿಗ್ಗೆ ನಾನು ಇದರ ಮೇಲೇ ಹೋದೆ. ದೇವದಾರು ಮರಗಳ ನೆರಳಿನ ತಿರುವು, 25ರ ವೇಗ. ರಸ್ತೆ ಒದ್ದೆಯಾಗಿದೆ ಅಂತಷ್ಟೇ ಅಂದುಕೊಂಡೆ. ಸ್ಟೇರಿಂಗ್ ತಿರುಗಿಸಿದೆ, ಅದು ಹಗುರವಾಗಿ ತಿರುಗಿತು, ಕಾರು ಮಾತ್ರ ತಿರುಗಲಿಲ್ಲ. ಟೈರಿನ ಸದ್ದು ಇದ್ದಕ್ಕಿದ್ದಂತೆ ನಿಂತುಹೋಯಿತು. ಆ ಮೌನ ಇವತ್ತಿಗೂ ಕಿವಿಯಲ್ಲಿದೆ. ಬೆಟ್ಟದ ಕಡೆಗೆ ಗುಡ್ಡೆ ಹಾಕಿದ್ದ ಹಿಮಕ್ಕೆ ಮೆಲ್ಲಗೆ ಹೋಗಿ ಒರಗಿತು. ಇನ್ನೊಂದು ಕಡೆ ಕಣಿವೆ ಇತ್ತು. ಹಿಂದೆ ಬರುತ್ತಿದ್ದ ಸ್ಥಳೀಯ ಟ್ಯಾಕ್ಸಿಯವರು ಇಳಿದು ಬಂದು ಕಾರು ತಳ್ಳಿಕೊಟ್ಟರು. ಆಮೇಲೆ ನನ್ನನ್ನ ರಸ್ತೆ ಪಕ್ಕಕ್ಕೆ ಕರೆದು, ಹೋಗುತ್ತಿದ್ದ ಒಂದು ಜೀಪಿನ ಚಕ್ರ ತೋರಿಸಿದರು. ರಸ್ತೆ ಒದ್ದೆಯಾಗಿ ಕಾಣುತ್ತಿದೆ, ಆದರೆ ಚಕ್ರದಿಂದ ನೀರು ಹಾರುತ್ತಿಲ್ಲ. ಹಾಗಿದ್ದರೆ ಅದು ನೀರಲ್ಲ, ಐಸ್. ಅಂದಿನಿಂದ ನನ್ನ ಕಣ್ಣು ಯಾವಾಗಲೂ ಮುಂದಿನ ಗಾಡಿಯ ಚಕ್ರದ ಮೇಲೇ ಇರುತ್ತದೆ.

ಬಿಸಿಲು ಬೀಳದ ತಿರುವು, ಸೇತುವೆ, ಝರಿ ರಸ್ತೆ ದಾಟುವ ಜಾಗ, ಇವು ಮೂರರಲ್ಲೂ ಐಸ್ ಇದೆ ಅಂತಲೇ ತಿಳಿದು ಓಡಿಸಿ. ಕಾರಿನ ಡಿಸ್‌ಪ್ಲೇ ಹೊರಗಿನ ಉಷ್ಣಾಂಶ 3 ಡಿಗ್ರಿ ಅಂತ ತೋರಿಸಿದರೂ ರಸ್ತೆ ಅದಕ್ಕಿಂತ ತಣ್ಣಗಿರಬಹುದು. ಮನಾಲಿಯಿಂದ ಲಾಹೌಲ್ ಕಡೆಗೆ ಹೋಗುವ ಅಟಲ್ ಸುರಂಗದ ಬಗ್ಗೆಯೂ ಒಂದು ಮಾತು. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ ಈ ಸುರಂಗ 9.02 ಕಿಲೋಮೀಟರ್ ಉದ್ದ, ಸಮುದ್ರಮಟ್ಟದಿಂದ 3,000 ಮೀಟರಿಗೂ ಎತ್ತರದಲ್ಲಿದೆ. ಒಳಗೆ ಒಣ ರಸ್ತೆ, ದೀಪ, ಆರಾಮ. ಆಚೆ ತುದಿಯಲ್ಲಿ ಲಾಹೌಲ್ ಕಣಿವೆಗೆ ಹೊರಬಿದ್ದ ಕ್ಷಣದಲ್ಲೇ ಚಕ್ರದ ಕೆಳಗೆ ಐಸ್ ಇರಬಹುದು. ಹೊರಬರುವ ಮೊದಲೇ, ಸುರಂಗದ ಒಳಗೇ ವೇಗ ಇಳಿಸಿಕೊಳ್ಳಿ.

ಕಾರು ಜಾರಿದರೆ ಏನು ಮಾಡಬೇಕು? ಮುಂದಿನ ಚಕ್ರ ಜಾರಿ ಕಾರು ತಿರುಗದೇ ನೇರ ಹೋಗುತ್ತಿದ್ದರೆ ಸ್ಟೇರಿಂಗನ್ನ ಇನ್ನೂ ಜಾಸ್ತಿ ತಿರುಗಿಸಬೇಕು ಅನ್ನಿಸುತ್ತದೆ. ಮಾಡಬೇಡಿ. ಆಕ್ಸಿಲರೇಟರಿನಿಂದ ಕಾಲು ಮೆಲ್ಲಗೆ ತೆಗೆದು, ಸ್ಟೇರಿಂಗ್ ಸ್ವಲ್ಪ ನೇರ ಮಾಡಿ, ಚಕ್ರ ಹಿಡಿತ ಸಿಕ್ಕಿತು ಅನ್ನಿಸಿದ ಮೇಲೆ ತಿರುಗಿಸಿ. ಹಿಂಭಾಗ ಪಕ್ಕಕ್ಕೆ ಹೊರಳಿದರೆ ನೀವು ಹೋಗಬೇಕಾದ ಕಡೆ ನೋಡುತ್ತಾ ಅತ್ತಲೇ ಸ್ಟೇರಿಂಗ್ ಹಿಡಿಯಿರಿ. ಕಣ್ಣು ಹೋದ ಕಡೆ ಕೈ ಹೋಗುತ್ತದೆ, ಕಣಿವೆ ನೋಡಬೇಡಿ. ತುರ್ತಾಗಿ ನಿಲ್ಲಿಸಬೇಕಾದರೆ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದೇ ಇರಿ. ಪೆಡಲ್ ನಡುಗುವುದು ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ, ಕೆಲಸ ಮಾಡುತ್ತಿರುವ ಲಕ್ಷಣ. ಎಷ್ಟೋ ಜನ ಆ ನಡುಕಕ್ಕೆ ಹೆದರಿ ಕಾಲು ಎತ್ತಿಬಿಡುತ್ತಾರೆ.

ಈ ನಡುಕವನ್ನ ಇಲ್ಲೇ ಅಭ್ಯಾಸ ಮಾಡಿಕೊಂಡು ಹೋಗಬಹುದು. ಮಳೆ ಬಿದ್ದ ಮರುದಿನ, ಮನೆ ಕಟ್ಟದ ಯಾವುದಾದರೂ ಖಾಲಿ ಲೇಔಟಿನ ಕೆಸರು ರಸ್ತೆಗೆ ಹೋಗಿ. ಜನ, ದನ ಯಾರೂ ಇರಬಾರದು. 20ರ ವೇಗಕ್ಕೆ ತಂದು ಬ್ರೇಕ್ ಪೂರ್ತಿ ಒತ್ತಿ. ನಾಲ್ಕೈದು ಸಲ ಮಾಡಿದರೆ ಕಾಲಿಗೆ ಅರ್ಥವಾಗುತ್ತದೆ. ನಮ್ಮ ಎರೆ ಮಣ್ಣು ಒದ್ದೆಯಾದಾಗ ಎಷ್ಟು ಜಾರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಆದರೆ ಅದು ಟೈರಿಗೆ ಮೆತ್ತಿಕೊಂಡು ಸಿಕ್ಕಿಹಾಕಿಸುತ್ತದೆ, ಹಾಗಾಗಿ ಎರೆ ಹೊಲಕ್ಕೆ ಇಳಿಸಬೇಡಿ, ಆಮೇಲೆ ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ.

ಈಗ ಟೈರು. ನಮ್ಮ ಮಾಮೂಲಿ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಹಿಮದ ದೇಶಗಳಲ್ಲಿ ಚಳಿಗಾಲಕ್ಕೆ ಬೇರೆ ಟೈರ್ ಹಾಕುವುದು ಇದಕ್ಕೇ. ಅದರ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರ ಇರುತ್ತದೆ. ಅಂಥ ಟೈರ್ ಹಾಕಿದ ಎರಡು ಚಕ್ರದ ಡ್ರೈವ್ ಕಾರು, ಮಾಮೂಲಿ ಟೈರಿನ ಆಲ್ ವೀಲ್ ಡ್ರೈವ್ ಕಾರಿಗಿಂತ ಐಸ್ ಮೇಲೆ ಬೇಗ ನಿಲ್ಲುತ್ತದೆ. ಒಂದು ಪ್ರವಾಸಕ್ಕೆ ನಾಲ್ಕು ಟೈರ್ ಬದಲಿಸಿ ಅಂತ ನಾನು ಹೇಳುವುದಿಲ್ಲ. ಟೈರಿಗೆ ಸುತ್ತಿ ಕಟ್ಟುವ ಚೈನ್ ಇಟ್ಟುಕೊಳ್ಳಿ ಅಂತ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹಿಮ ಬಿದ್ದ ದಿನಗಳಲ್ಲಿ ಮನಾಲಿ ಬಳಿಯ ಸೋಲಂಗ್‌ನಿಂದ ಮುಂದಕ್ಕೆ ನಾಲ್ಕು ಚಕ್ರದ ಡ್ರೈವ್ ಅಥವಾ ಚೈನ್ ಇರುವ ಗಾಡಿಗಳನ್ನಷ್ಟೇ ಪೊಲೀಸರು ಬಿಡುವುದುಂಟು. ನಿಮ್ಮನ್ನ ಬಿಟ್ಟರೂ ಚೈನ್ ಬೇಕು, ಯಾಕಂದರೆ ಅದು ಐಸ್ ಕಚ್ಚಿ ನಿಲ್ಲಿಸುತ್ತದೆ. ಯಾವ ಚಕ್ರಕ್ಕೆ ಹಾಕಬೇಕು, ಎಷ್ಟು ದಪ್ಪದ್ದು ಅನ್ನುವುದನ್ನ ಕಾರಿನ ಪುಸ್ತಕದಲ್ಲಿ ನೋಡಿಕೊಳ್ಳಿ, ಒಂದೊಂದು ಕಾರಿಗೆ ಒಂದೊಂದು ಥರ. ಹಾಕಿದ ಮೇಲೆ 30 ದಾಟಬೇಡಿ, ಒಣ ಟಾರಿನಲ್ಲಿ ತೆಗೆದುಬಿಡಿ.

ಟೈರ್ ಸವೆದಿದ್ದರೆ ಎರಡು ಮಾತ್ರ ಹೊಸದು ಹಾಕಿಸುವ ರೂಢಿ ನಮ್ಮಲ್ಲಿದೆ. ಆಲ್ ವೀಲ್ ಡ್ರೈವ್‌ಗೆ ಅದು ಬೇಡ. ನಾಲ್ಕೂ ಒಂದೇ ಬಗೆಯವು, ಒಂದೇ ಮಟ್ಟಕ್ಕೆ ಸವೆದವು ಆಗಿರಬೇಕು. ಇಲ್ಲದಿದ್ದರೆ ಮುಂದೆ ಹಿಂದೆ ಚಕ್ರದ ಸುತ್ತು ಹೊಂದದೆ ಒಳಗಿನ ಕ್ಲಚ್ ಸುಮ್ನೆ ತಿಕ್ಕಾಡುತ್ತಿರುತ್ತದೆ. ಕಾನೂನಿಗೆ 1.6 ಮಿಲಿಮೀಟರ್ ಗೀರು ಉಳಿದಿದ್ದರೆ ಸಾಕು, ಹಿಮಕ್ಕೆ 4 ಮಿಲಿಮೀಟರ್ ಆದರೂ ಬೇಕು. ಗಾಳಿಯದೂ ಒಂದು ವಿಷಯ: ಉಷ್ಣಾಂಶ ಐದಾರು ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಇಲ್ಲಿ 30 ಡಿಗ್ರಿಯಲ್ಲಿ ತುಂಬಿಸಿದ ಗಾಳಿ ಅಲ್ಲಿ ಸೊನ್ನೆಗಿಂತ ಕೆಳಗೆ ಹೋದಾಗ ಕೆಲವು ಪಿಎಸ್‌ಐ ಕಡಿಮೆ ಇರುತ್ತದೆ. ಮನಾಲಿ ತಲುಪಿದ ಮರುದಿನ ಬೆಳಿಗ್ಗೆ ನೋಡಿಸಿ.

ಹೊರಡುವ ಮೊದಲು ರೇಡಿಯೇಟರ್ ಮರೆಯಬೇಡಿ. ನಮ್ಮ ಕಡೆ ಬೇಸಿಗೆಯಲ್ಲಿ ನಲ್ಲಿ ನೀರು ಸುರಿದು ಸುರಿದು ಕೂಲೆಂಟ್ ತೆಳ್ಳಗಾಗಿರುತ್ತದೆ. ಆ ನೀರು ರಾತ್ರಿ ಹೆಪ್ಪುಗಟ್ಟಿ ಉಬ್ಬಿದರೆ ಎಂಜಿನ್ನೇ ಸೀಳಬಹುದು. ಪೂರ್ತಿ ಖಾಲಿ ಮಾಡಿಸಿ ಹೊಸ ಕೂಲೆಂಟ್ ಹಾಕಿಸಿ. ಅರ್ಧ ಗ್ಲೈಕಾಲ್, ಅರ್ಧ ಶುದ್ಧ ನೀರಿನ ಮಿಶ್ರಣ ಸೊನ್ನೆಗಿಂತ 30 ಡಿಗ್ರಿ ಕೆಳಗಿನವರೆಗೂ ತಡೆಯುತ್ತದೆ. ಡೀಸೆಲ್ ಕಾರಾದರೆ ಬಯಲಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬೆಟ್ಟ ಹತ್ತಬೇಡಿ. ಕಡು ಚಳಿಗೆ ಡೀಸೆಲ್‌ನಲ್ಲಿರುವ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಇದೇ ಕಾರಣಕ್ಕೆ ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಲಡಾಖ್‌ಗೆಂದೇ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಬೆಟ್ಟದ ಬಂಕಿನಲ್ಲಿ ಅಂಥ ಡೀಸೆಲ್ ಸಿಕ್ಕರೆ ಅಲ್ಲೇ ತುಂಬಿಸಿ. ರಾತ್ರಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಹಾಕಿದರೆ ಹೆಪ್ಪುಗಟ್ಟಿ ಹಿಡಿದುಕೊಳ್ಳಬಹುದು. ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಹಿಮದಲ್ಲಿ ಸಿಕ್ಕಿಕೊಂಡು ಹೀಟರ್ ಹಾಕಿ ಕೂರಬೇಕಾಗಿ ಬಂದರೆ ಮೊದಲು ಇಳಿದು ಸೈಲೆನ್ಸರ್ ಬಾಯಿಗೆ ಹಿಮ ಕಟ್ಟಿದೆಯಾ ನೋಡಿ, ತೆಗೆಯಿರಿ. ಕಟ್ಟಿದ್ದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಒಳಗೇ ಬರುತ್ತದೆ, ಅದಕ್ಕೆ ವಾಸನೆಯೂ ಇರುವುದಿಲ್ಲ. ಮಕ್ಕಳು ಹಿಂದೆ ನಿದ್ದೆ ಮಾಡುತ್ತಿರುತ್ತಾರೆ, ನೆನಪಿರಲಿ.

ನಮ್ಮೂರ ಪಕ್ಕದಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ದೆಹಲಿವರೆಗೂ ಹೋಗುತ್ತದೆ. ಅಲ್ಲಿಂದ ಮುಂದೆ ಮನಾಲಿ. ಒಟ್ಟು ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ಓಡಿಸಿ ದಣಿದಿರುತ್ತೀರಿ, ಅದರಲ್ಲಿ ನಿಮಗೆ ಹೊಸದು ಕೊನೆಯ ಮೂವತ್ತು ನಲವತ್ತು ಕಿಲೋಮೀಟರ್ ಮಾತ್ರ. ಹಾಗಾಗಿ ಮನಾಲಿಯಲ್ಲಿ ಒಂದು ಪೂರ್ತಿ ದಿನ ಸುಮ್ನೆ ಇರಿ. ಮರುದಿನ ಬಿಸಿಲು ಚೆನ್ನಾಗಿ ಏರಿದ ಮೇಲೆ, ಹತ್ತು ಗಂಟೆಗೆ ಹೊರಡಿ, ಮೂರು ಗಂಟೆಯೊಳಗೆ ವಾಪಸ್ ಬನ್ನಿ. ಆ ದಿನ ಹೊಸ ಹಿಮ ಬೀಳುತ್ತಿದ್ದರೆ ಕಾರನ್ನ ಹೋಟೆಲಿನಲ್ಲೇ ಬಿಟ್ಟು ಅಲ್ಲಿನ ಟ್ಯಾಕ್ಸಿ ಮಾಡಿಕೊಳ್ಳಿ. ನಾನು ಎರಡನೇ ಸಲ ಹೋದಾಗ ಹಾಗೇ ಮಾಡಿದೆ. ಕಿಟಕಿ ಪಕ್ಕ ಕೂತು ಮಕ್ಕಳ ಜೊತೆ ಹಿಮ ನೋಡಿದ್ದು ಆ ಸಲವೇ.